ಯೆಜ್ಡಿ 250 ಅನ್ನು ರೇಸಿಗೆ ಸಿದ್ಧಪಡಿಸುವುದು: ಸೋರಿಕೆ ಮೊದಲು, ಪೋರ್ಟ್ ಕೊನೆಗೆ

ಮೈಸೂರಿನ ಯಾದವಗಿರಿ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೂ ಅಲ್ಲಿ ತಯಾರಾದ 250 ಸಿಸಿ ಒಂಟಿ ಸಿಲಿಂಡರ್ ಟು-ಸ್ಟ್ರೋಕ್ ಯೆಜ್ಡಿ ಗಾಡಿಗಳು ಊರೂರಿನ ಶೆಡ್ಡುಗಳಲ್ಲಿ ಇನ್ನೂ ಉಳಿದಿವೆ. ಡರ್ಟ್ ಟ್ರ್ಯಾಕ್‌ಗೋ ಹಳೆಯ ಗಾಡಿಗಳ ಚಿಕ್ಕ ರೇಸಿಗೋ ಒಂದನ್ನು ಎಬ್ಬಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲ ದಿನವೇ ಪಿಸ್ಟನ್ ಓಡಾಡುವ ಬ್ಯಾರೆಲ್ ಬಿಚ್ಚಿ, ಅದರ ಗೋಡೆಯಲ್ಲಿ ಮಿಶ್ರಣ ಮತ್ತು ಹೊಗೆ ಹಾದುಹೋಗುವ ಬಾಯಿಗಳನ್ನು, ಅಂದರೆ ಪೋರ್ಟ್ ಅರೆಯಲು ಕೂರುತ್ತಾರೆ. ಕೆಲಸ ಕೆಡುವುದು ಅಲ್ಲಿಂದಲೇ. ಪೋರ್ಟಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಅರೆದು ತೆಗೆದ ಬೀಡು ಕಬ್ಬಿಣ ಮತ್ತೆ ಬ್ಯಾರೆಲ್‌ಗೆ ಅಂಟುವುದಿಲ್ಲ.

ಗಾಡಿ ಆರಿಸುವಾಗಲೇ ಒಂದು ಎಚ್ಚರ. ಎಂಜಿನ್ ನಂಬರೂ ಚಾಸಿ ನಂಬರೂ ಕಾಗದಕ್ಕೆ ಹೊಂದುವ, ಮೂಲ ಬಣ್ಣದಲ್ಲೇ ಇರುವ ಗಾಡಿಯನ್ನು ಕತ್ತರಿಸಬೇಡಿ. ಬಿಡಿಭಾಗ ಕಳೆದುಹೋದ, ಬರಿ ಅಸ್ಥಿಪಂಜರದಂತೆ ಬಿದ್ದಿರುವ ಗಾಡಿಯೇ ಈ ಕೆಲಸಕ್ಕೆ ತಕ್ಕದ್ದು. ಇಲ್ಲಿ ಹೇಳುವ ಬದಲಾವಣೆಗಳೆಲ್ಲ ಮುಚ್ಚಿದ ಟ್ರ್ಯಾಕಿಗೆ ಮಾತ್ರ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಾಯಿತ ಗಾಡಿಯ ಮಾರ್ಪಾಡಿಗೆ ಕಡಿವಾಣ ಹಾಕುತ್ತದೆ, 189ನೇ ಕಲಂ ರಸ್ತೆಯ ರೇಸಿಗೆ ಶಿಕ್ಷೆ ಹೇಳುತ್ತದೆ.

ಮೊದಲು ಒಂದು ಸಂಖ್ಯೆ ತೀರ್ಮಾನಿಸಿ: 6500

ಈ ಎಂಜಿನ್‌ನ ಬೋರ್ (ಸಿಲಿಂಡರಿನ ಒಳವ್ಯಾಸ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75 ಮಿ.ಮೀ. ಉದ್ದ ಸ್ಟ್ರೋಕಿನ ಎಂಜಿನ್ ಇದು, ಆರ್‌ಪಿಎಂ ಹಿಂದೆ ಓಡುವ ಜಾತಿಯದಲ್ಲ. ನಿಮಿಷಕ್ಕೆ 5000 ಸುತ್ತಿನಲ್ಲಿ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 12.5 ಮೀಟರ್. 6500ಕ್ಕೆ ಅದು 16 ದಾಟುತ್ತದೆ, 8000ಕ್ಕೆ 20 ಮುಟ್ಟುತ್ತದೆ. ಒತ್ತಿ ಕೂರಿಸಿದ ಹಳೆಯ ಕ್ರ್ಯಾಂಕಿಗೆ 20 ಮೀಟರ್ ಅಂದರೆ ಸಾವು. ಹಾಗಾಗಿ ಗರಿಷ್ಠ ಶಕ್ತಿ 6500ರ ಆಸುಪಾಸಿನಲ್ಲಿ ಬರಲಿ, 4500ರಿಂದಲೇ ಎಳೆತ ಸಿಗಲಿ ಎಂದು ನಿಶ್ಚಯಿಸಿಕೊಳ್ಳಿ. ಪೋರ್ಟ್, ಪೈಪ್, ಕಾರ್ಬುರೇಟರ್ ಮೂರೂ ಈ ಒಂದೇ ಸಂಖ್ಯೆಗೆ ಹೊಂದಬೇಕು. ಪೋರ್ಟ್ 8000ಕ್ಕೂ ಪೈಪ್ 5500ಕ್ಕೂ ಇದ್ದರೆ ಗಾಡಿ ಕೂಗುತ್ತದೆ, ಮುಂದೆ ಹೋಗುವುದಿಲ್ಲ. ನಾಲ್ಕೇ ಗೇರು ಇರುವುದರಿಂದ ಕಿರಿದಾದ ಪವರ್ ಬ್ಯಾಂಡ್ (ಎಳೆತ ಸಿಗುವ ಆರ್‌ಪಿಎಂ ವ್ಯಾಪ್ತಿ) ಇಟ್ಟುಕೊಂಡು ಏಗುವುದೂ ಆಗದ ಮಾತು.

ಬೋರ್ ಬಗ್ಗೆ ಒಂದು ಮಾತು. 65 × 75 ಅಂದರೆ ಲೆಕ್ಕಕ್ಕೆ 248.9 ಸಿಸಿ. ಕಾಲು ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿದರೆ 250.8, ಒಂದು ಮಿ.ಮೀ. ಹಾಕಿದರೆ 256.6. ರೀಬೋರಿಗೆ ರಿಯಾಯಿತಿ ಇದೆಯೇ ಇಲ್ಲವೇ ಎಂಬುದನ್ನು ಆ ರೇಸಿನ ನಿಯಮಪುಸ್ತಕದಲ್ಲಿ ನೋಡಿಯೇ ಲೇತ್‌ನವರ ಬಳಿ ಹೋಗಿ.

ಕ್ರ್ಯಾಂಕ್ ಮತ್ತು ಸೋರಿಕೆ

ಕನೆಕ್ಟಿಂಗ್ ರಾಡನ್ನು ಮೇಲಕ್ಕೆ ಕೆಳಕ್ಕೆ ಎಳೆದು ನೋಡಿದಾಗ ಅದು ಕ್ರ್ಯಾಂಕಿಗೆ ಸೇರುವ ಬಿಗ್ ಎಂಡ್‌ನಲ್ಲಿ ಆಟ ಒಂಚೂರೂ ಇರಬಾರದು. ಅಕ್ಕಪಕ್ಕಕ್ಕೆ ಸ್ವಲ್ಪ ಇದ್ದರೆ ಚಿಂತೆಯಿಲ್ಲ. ಕ್ರ್ಯಾಂಕನ್ನು ವಿ-ಬ್ಲಾಕ್ ಮೇಲಿಟ್ಟು ಎರಡೂ ತುದಿಯಲ್ಲಿ ಡಯಲ್ ಗೇಜ್ ಹಿಡಿದು ತಿರುಗಿಸಿ. ಓಲಾಟ 0.03 ಮಿ.ಮೀ. ಒಳಗಿರಬೇಕು. 0.06 ಇದ್ದರೂ ರಸ್ತೆಯಲ್ಲಿ ಓಡೀತು, ರೇಸಿನಲ್ಲಿ ಬೇರಿಂಗನ್ನೂ ಸೀಲನ್ನೂ ತಿಂದುಹಾಕುತ್ತದೆ. ಹೊಸ ಬೇರಿಂಗ್ ತರುವಾಗ ಹಳೆಯದರ ಮೇಲಿನ ನಂಬರಿಗೆ ಸಿ3 ಸೇರಿಸಿ ಕೇಳಿ. ಬಿಸಿಯಾದಾಗ ಹಿಗ್ಗಲು ಬೇಕಾದ ಸಡಿಲ ಅದರಲ್ಲಿರುತ್ತದೆ.

ಕ್ರ್ಯಾಂಕಿನ ಎರಡು ತುದಿಯ ಸೀಲ್ ಎರಡೂ ಹೊಸದೇ ಆಗಬೇಕು. ಇಲ್ಲಿ ಎಡದ ಕಥೆ ಬೇರೆ, ಬಲದ ಕಥೆ ಬೇರೆ. ಎಡಗಡೆ, ಅಂದರೆ ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲ್ ಕುಡಿಯುತ್ತದೆ. ಬಿಳಿ ಹೊಗೆ ಕಂಡು ಗೊತ್ತಾಗುತ್ತದೆ. ಬಲಗಡೆ ಡೈನಮೋ ಇರುವ ಜಾಗ ಒಣ. ಅಲ್ಲಿ ಸೀಲ್ ಹೋದರೆ ಬರಿ ಗಾಳಿ ಒಳಗೆ ಹೋಗುತ್ತದೆ, ಹೊಗೆಯಿಲ್ಲ, ಸೂಚನೆಯಿಲ್ಲ. ಮಿಶ್ರಣ ತೆಳುವಾಗಿ ಪಿಸ್ಟನ್ ಬ್ಯಾರೆಲ್ಲಿನಲ್ಲಿ ಸಿಕ್ಕಿ ಹಿಡಿದುಕೊಂಡ ಮೇಲಷ್ಟೇ ತಿಳಿಯುವುದು. ಎಷ್ಟೋ ಸಲ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ಟಿನ ಮೇಲೆ ಬರುವ ಆರೋಪಕ್ಕೆ ನಿಜವಾದ ಅಪರಾಧಿ ಈ ಬಲ ಸೀಲು.

ಅದಕ್ಕೇ ಎಂಜಿನ್ ಜೋಡಿಸಿದ ಮೇಲೆ, ಫ್ರೇಮಿಗೆ ಏರಿಸುವ ಮುನ್ನ ಒತ್ತಡದ ಪರೀಕ್ಷೆ ಮಾಡಿ. ದುಬಾರಿ ಸಲಕರಣೆ ಬೇಡ. ರಕ್ತದೊತ್ತಡ ನೋಡುವ ಹಳೆಯ ಉಪಕರಣದ ಬಲ್ಬು ಮತ್ತು ಮುಳ್ಳಿನ ಗೇಜು ಸಾಕು. ಎರಡು ಎಕ್ಸಾಸ್ಟ್ ಬಾಯಿಗೂ ರಬ್ಬರ್ ಬಿರಡೆ ಹೊಡೆಯಿರಿ. ಕಾರ್ಬುರೇಟರ್ ಕೂರುವ ಜಾಗಕ್ಕೆ ಅಲ್ಯುಮಿನಿಯಂ ತಟ್ಟೆ ಬಿಗಿದು, ಅದಕ್ಕೆ ಸಣ್ಣ ಕೊಳವೆ ಸೇರಿಸಿ. ಪಿಸ್ಟನ್ ಕೆಳತುದಿಯಲ್ಲಿರಲಿ, ಪ್ಲಗ್ ಬಿಗಿಯಾಗಿರಲಿ. ಗಾಳಿಯನ್ನು ಇನ್‌ಟೇಕ್ ಮೂಲಕ ಕೊಡುವ ಬದಲು ಎಕ್ಸಾಸ್ಟ್ ಬಿರಡೆಯೊಂದರಲ್ಲಿ ತೂತು ಕೊರೆದು ಕೊಟ್ಟರೂ ನಡೆಯುತ್ತದೆ. ಕ್ರ್ಯಾಂಕ್‌ಕೇಸಿನಿಂದ ಸಿಲಿಂಡರಿಗೆ ಮಿಶ್ರಣ ಸಾಗಿಸುವ ಟ್ರಾನ್ಸ್‌ಫರ್ ಪೋರ್ಟ್ ತೆರೆದಿರುವುದರಿಂದ ಕ್ರ್ಯಾಂಕ್‌ಕೇಸಿಗೂ ಗಾಳಿ ತಲುಪುತ್ತದೆ. ಗೇಜಿನಲ್ಲಿ 250ರವರೆಗೆ ಏರಿಸಿ ಬಿಡಿ. ಐದು ನಿಮಿಷದಲ್ಲಿ 50ಕ್ಕಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ. ಜೋಡಣೆಗಳಿಗೆ, ಬೇಸ್ ಪ್ಯಾಕಿಂಗ್ ಸುತ್ತ ಸೋಪಿನ ನೀರು ಸವರಿ. ಡೈನಮೋ ಬಿಚ್ಚಿಟ್ಟಿದ್ದರೆ ಬಲ ಸೀಲಿನ ತುಟಿಯಲ್ಲಿ ಗುಳ್ಳೆ ಏಳುವುದು ಕಣ್ಣಿಗೇ ಕಾಣುತ್ತದೆ. ಎಡ ಸೀಲ್ ಒಳಗಿರುವುದರಿಂದ ಕಾಣದು. ಗೇರ್ ಆಯಿಲ್ ಹಾಕುವ ತೂತಿಗೆ ಬಲೂನ್ ಕಟ್ಟಿ, ಗಾಳಿ ಹೊರಹೋಗುವ ಬೇರೆ ದಾರಿಯಿದ್ದರೆ ಮುಚ್ಚಿ. ಬಲೂನ್ ಉಬ್ಬಿದರೆ ಸೀಲ್ ಹೋಗಿದೆ.

ಪಿಸ್ಟನ್ ಸಡಿಲ

ಬ್ಯಾರೆಲ್ ಬೀಡು ಕಬ್ಬಿಣ, ಪಿಸ್ಟನ್ ಅಲ್ಯುಮಿನಿಯಂ. ಬಿಸಿಗೆ ಪಿಸ್ಟನ್ ಬೇಗ ಹಿಗ್ಗುತ್ತದೆ, ಬ್ಯಾರೆಲ್ ನಿಧಾನ. ರಸ್ತೆಗೆ 0.05–0.06 ಮಿ.ಮೀ. ಸಡಿಲ ಇಡುವ ಲೇತ್‌ನವರಿಗೆ ರೇಸಿಗೆಂದು ಬಿಡಿಸಿ ಹೇಳಿ 0.08–0.10 ಇಡಿಸಿ. ತಣ್ಣಗಿರುವಾಗ ಪಿಸ್ಟನ್ ಟಕಟಕ ಅನ್ನುತ್ತದೆ, ಅನ್ನಲಿ. ರಿಂಗಿನ ಬಾಯಿ 0.30–0.35 ಮಿ.ಮೀ. ರಿಂಗಿನ ತುದಿಗಳು ಯಾವ ಪೋರ್ಟಿನ ಮೇಲೂ ಹಾದುಹೋಗಬಾರದು. ಹೊಸ ಕಂಪನಿಯ ಪಿಸ್ಟನ್ ಹಾಕಿದಾಗ ರಿಂಗ್ ತಿರುಗದಂತೆ ತಡೆಯುವ ಪಿನ್ನಿನ ಜಾಗ ಬೇರೆಯಿರಬಹುದು, ಬ್ಯಾರೆಲ್‌ಗೆ ಇಳಿಸಿ ಪೋರ್ಟಿನೊಳಗಿಂದ ಇಣುಕಿ ನೋಡಿ.

ಹೆಡ್ ಮತ್ತು ಸ್ಕ್ವಿಶ್

ಪಿಸ್ಟನ್ ಮೇಲ್ತುದಿಗೆ ಬಂದಾಗ ಅದರ ಅಂಚಿಗೂ ಹೆಡ್ಡಿಗೂ ನಡುವೆ ಉಳಿಯುವ ಸಂದೇ ಸ್ಕ್ವಿಶ್. ಕಡಿಮೆ ಖರ್ಚಿಗೆ ಹೆಚ್ಚು ಫಲ ಕೊಡುವ ಕೆಲಸ ಇದೇ. 2 ಮಿ.ಮೀ. ಮೆತ್ತನೆಯ ಬೆಸುಗೆ ತಂತಿಯ (ಸೋಲ್ಡರ್) ಎರಡು ತುಂಡನ್ನು, ಪಿಸ್ಟನ್ನನ್ನು ರಾಡಿಗೆ ಹಿಡಿಸುವ ಗಜನ್ ಪಿನ್ನಿನ ನೇರಕ್ಕೆ, ಎಡಕ್ಕೊಂದು ಬಲಕ್ಕೊಂದು, ಪಿಸ್ಟನ್ ಮೇಲೆ ಗ್ರೀಸಿನಿಂದ ಅಂಟಿಸಿ. ಹೆಡ್ ಪೂರ್ತಿ ಬಿಗಿದು ಕೈಯಿಂದ ಒಂದು ಸುತ್ತು ತಿರುಗಿಸಿ, ಬಿಚ್ಚಿ, ಚಪ್ಪಟೆಯಾದ ತುದಿಯನ್ನು ಅಳೆಯಿರಿ. ನಮಗೆ ಬೇಕಾದ್ದು 1.0ರಿಂದ 1.2 ಮಿ.ಮೀ. ಹಳೆಯ ಕ್ರ್ಯಾಂಕಿಗೆ ಒಂದಕ್ಕಿಂತ ಕಡಿಮೆ ಮಾಡಿದರೆ ವೇಗದಲ್ಲಿ ಪಿಸ್ಟನ್ ಹೆಡ್ಡಿಗೆ ಮುತ್ತಿಡುತ್ತದೆ. ಎರಡಕ್ಕಿಂತ ಹೆಚ್ಚಿದ್ದರೆ ಅಂಚಿನ ಮಿಶ್ರಣ ನಡುವಿಗೆ ನುಗ್ಗದೆ ಅಲ್ಲೇ ಉಳಿದು, ತಾನೇ ಹೊತ್ತಿಕೊಂಡು ಕುಟ್ಟುತ್ತದೆ.

ಸ್ಕ್ವಿಶ್ ಪಟ್ಟಿ ಬೋರಿನ ಅರ್ಧ ವಿಸ್ತೀರ್ಣವಿರಲಿ. 65ರ ಬೋರಿಗೆ ಅದು ನಡುವೆ 46 ಮಿ.ಮೀ. ಅಗಲದ ಗುಂಡಿ, ಸುತ್ತ 9.5 ಮಿ.ಮೀ. ಪಟ್ಟಿ. ಪಟ್ಟಿಯ ಇಳಿಜಾರು ಪಿಸ್ಟನ್ ತಲೆಯ ಇಳಿಜಾರಿಗೇ ಹೊಂದಬೇಕು ಎಂದು ಲೇತ್‌ನವರಿಗೆ ಪಿಸ್ಟನ್ ಕೈಗೆ ಕೊಟ್ಟೇ ಹೇಳಿ. ಆಮೇಲೆ ಪಿಸ್ಟನ್ ಮೇಲ್ತುದಿಯಲ್ಲಿಟ್ಟು, ಅಂಚಿಗೆ ಗ್ರೀಸ್ ಸವರಿ, ಪ್ಲಗ್ ತೂತಿನಿಂದ ಸಿರಿಂಜಿನಲ್ಲಿ ತೆಳು ಎಣ್ಣೆ ತುಂಬಿಸಿ. ಪ್ಲಗ್ ತೂತಿನ ಥ್ರೆಡ್ಡಿನ ಕೆಳಅಂಚಿಗೆ ಬಂದಾಗ ನಿಲ್ಲಿಸಿ ಅಳತೆ ಬರೆದುಕೊಳ್ಳಿ. 27.7 ಸಿಸಿ ಹಿಡಿದರೆ ಕಂಪ್ರೆಷನ್ 10:1. ಬಂಕಿನ ಪೆಟ್ರೋಲಿಗೆ ಇಷ್ಟು ಸಾಕು. 11:1 ಬೇಕೆಂದರೆ 24.9ಕ್ಕೆ ಇಳಿಸಬೇಕು, ಆದರೆ ಗಾಳಿ ತಂಪಿನ ಕಬ್ಬಿಣದ ಬ್ಯಾರೆಲ್‌ನಲ್ಲಿ ನಾಲ್ಕನೇ ಸುತ್ತಿಗೇ ಅದರ ಲಾಭ ಬಿಸಿಯಲ್ಲಿ ಕರಗಿಹೋಗುತ್ತದೆ.

ಪೋರ್ಟ್: ಅಳೆಯುವುದು ಹತ್ತು ಪಾಲು, ಅರೆಯುವುದು ಒಂದು ಪಾಲು

20 ಸೆಂ.ಮೀ. ಡಿಗ್ರಿ ಚಕ್ರವೊಂದನ್ನು ಕ್ರ್ಯಾಂಕ್ ತುದಿಗೆ ಬಿಗಿಯಿರಿ. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಒಳಗೆ ಬೋಲ್ಟ್ ಕೂರಿಸಿದರೆ ಪಿಸ್ಟನ್ ತಡೆಯುವ ಗೂಟ ಸಿದ್ಧ. ಆ ಕಡೆ ತಿರುಗಿಸಿ ತಾಗಿದ ಡಿಗ್ರಿ, ಈ ಕಡೆ ತಿರುಗಿಸಿ ತಾಗಿದ ಡಿಗ್ರಿ, ಎರಡರ ನಟ್ಟನಡುವೆಯೇ ನಿಜವಾದ ಮೇಲ್ತುದಿ. ಕಣ್ಣಂದಾಜಿನಲ್ಲಿ ಮೇಲ್ತುದಿ ಹಿಡಿದವರ ಲೆಕ್ಕ ಎರಡು ಮೂರು ಡಿಗ್ರಿ ತಪ್ಪುತ್ತದೆ, ಮುಂದಿನದೆಲ್ಲ ಆ ತಪ್ಪಿನ ಮೇಲೇ ನಿಲ್ಲುತ್ತದೆ.

ಈಗ ಎಕ್ಸಾಸ್ಟ್ ತೆರೆದಲ್ಲಿಂದ ಮುಚ್ಚುವವರೆಗೆ, ಟ್ರಾನ್ಸ್‌ಫರ್, ಇನ್‌ಟೇಕ್, ಮೂರರ ಅವಧಿಯನ್ನೂ ಬರೆದುಕೊಳ್ಳಿ. 6500ರ ಗುರಿಗೆ ಎಕ್ಸಾಸ್ಟ್ 170–174 ಡಿಗ್ರಿ, ಟ್ರಾನ್ಸ್‌ಫರ್ 118–122, ಇನ್‌ಟೇಕ್ 150–156 ಹೊಂದುತ್ತದೆ. ಇಷ್ಟು ದಾಟಿದರೆ ಕೆಳಗಿನ ಎಳೆತ ಸತ್ತುಹೋಗುತ್ತದೆ.

75 ಮಿ.ಮೀ. ಸ್ಟ್ರೋಕಿನಲ್ಲಿ ಎಕ್ಸಾಸ್ಟ್ ತೆರೆಯುವ ಹೊತ್ತಿಗೆ ಕ್ರ್ಯಾಂಕಿನ ಒಂದು ಡಿಗ್ರಿಗೆ ಪಿಸ್ಟನ್ ಸುಮಾರು 0.64 ಮಿ.ಮೀ. ಚಲಿಸುತ್ತದೆ. ಅಂದರೆ ಪೋರ್ಟಿನ ಚಾವಣಿ 1 ಮಿ.ಮೀ. ಎತ್ತಿದರೆ ಅವಧಿ ಒಟ್ಟು 3 ಡಿಗ್ರಿ ಹೆಚ್ಚುತ್ತದೆ. ಟ್ರಾನ್ಸ್‌ಫರ್ ಇನ್ನೂ ಕೆಳಗಿರುವುದರಿಂದ ಅಲ್ಲಿ 1 ಮಿ.ಮೀ.ಗೆ 4 ಡಿಗ್ರಿ.

ಅರೆಯದೆಯೇ ಬ್ಯಾರೆಲ್ ಕೆಳಗೆ ದಪ್ಪ ಪ್ಯಾಕಿಂಗ್ ಹಾಕಿ ಪರೀಕ್ಷಿಸುವ ದಾರಿಯೊಂದಿದೆ. 1 ಮಿ.ಮೀ. ಅಲ್ಯುಮಿನಿಯಂ ಪ್ಯಾಕಿಂಗ್ ಕೊಟ್ಟರೆ ಎಕ್ಸಾಸ್ಟ್ 3 ಡಿಗ್ರಿ, ಟ್ರಾನ್ಸ್‌ಫರ್ 4 ಡಿಗ್ರಿ ಏರುತ್ತವೆ. ಇನ್‌ಟೇಕ್ ಮಾತ್ರ 3 ಡಿಗ್ರಿ ಇಳಿಯುತ್ತದೆ, ಏಕೆಂದರೆ ಈ ಎಂಜಿನ್‌ನಲ್ಲಿ ರೀಡ್ ವಾಲ್ವ್ ಇಲ್ಲ, ಇನ್‌ಟೇಕ್ ತೆರೆಯುವುದು ಪಿಸ್ಟನ್‌ನ ಹಿಂಭಾಗದ ಕೆಳಅಂಚು. ಆ ಅಂಚನ್ನು ಅಷ್ಟೇ ಅರದಿಂದ ಉಜ್ಜಿ ಸರಿಪಡಿಸಬಹುದು. ಸ್ಕ್ವಿಶ್ ಹೆಚ್ಚಾದದ್ದನ್ನು ಹೆಡ್ ಕೆತ್ತಿಸಿ ಮರಳಿ ತರಬೇಕು. ಹೀಗೆ ಒಂದು ದಿನ ಓಡಿಸಿ ನೋಡಿ, ಬೇಡವಾದರೆ ಪ್ಯಾಕಿಂಗ್ ತೆಗೆದು, ಕೆತ್ತಿಸದ ಹೆಡ್ ಹಾಕಿದರಾಯಿತು, ಬ್ಯಾರೆಲ್ ಉಳಿದಿರುತ್ತದೆ.

ಅರೆಯಲೇಬೇಕಾದಾಗ ಬೋರಿನೊಳಗೆ ಹಾಳೆ ಸುತ್ತಿ ಒಳಗಿಂದ ಬೆರಳಿನಲ್ಲಿ ತಿಕ್ಕಿದರೆ ಪೋರ್ಟುಗಳ ಅಚ್ಚು ಮೂಡುತ್ತದೆ. ಆ ಹಾಳೆಯ ಮೇಲೆ ಹೊಸ ಗೆರೆ ಎಳೆದು, ಮತ್ತೆ ಒಳಗಿಟ್ಟು ಬೋರಿಗೆ ಗೀಚಿ. ಎಡ-ಬಲ ಎಕ್ಸಾಸ್ಟ್‌ಗಳ ಎತ್ತರದಲ್ಲಿ 0.2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬೇಡ. ನಡುವಿನ ಗೋಡೆಯನ್ನು ಮುಟ್ಟಬೇಡಿ. ಅದು ಕಿರಿದಾದಷ್ಟೂ ಬಿಸಿಗೆ ಉಬ್ಬಿ ಪಿಸ್ಟನ್ನನ್ನು ಗೀರುತ್ತದೆ. ಚಾವಣಿ ಸ್ವಲ್ಪ ಕಮಾನಾಗಿರಲಿ, ಅಂಚುಗಳನ್ನೆಲ್ಲ ಅರ್ಧ ಮಿ.ಮೀ. ಉರುಟಾಗಿಸಿ, ಇಲ್ಲವಾದರೆ ರಿಂಗ್ ಸಿಕ್ಕಿ ಮುರಿಯುತ್ತದೆ. ಕೊನೆಗೆ ಹೋನ್ ಮಾಡಿಸಿ, ಬಿಸಿ ಸೋಪಿನ ನೀರಿನಲ್ಲಿ ತೊಳೆಯಿರಿ. ಬಿಳಿ ಬಟ್ಟೆಗೆ ಬೂದು ಹತ್ತುವುದು ನಿಲ್ಲುವವರೆಗೆ ತೊಳೆಯಬೇಕು.

ಎರಡು ಪೈಪಿನ ಸಮಸ್ಯೆ

ಎರಡು ಎಕ್ಸಾಸ್ಟ್ ಇರುವುದು ಈ ವಂಶದ ಲಕ್ಷಣ. 1964ರಲ್ಲಿ ಜೋಯೆಲ್ ರೋಬೆರ್ 250 ಸಿಸಿ ಮೊಟೊಕ್ರಾಸ್ ವಿಶ್ವ ಚಾಂಪಿಯನ್ ಆದದ್ದು ಇದೇ ಬಳಗದ ಜೆಕ್ ಗಾಡಿ ಸೀಜೆಡ್ ಮೇಲೆ. ಒಂದು ಪೋರ್ಟ್ ಮುಚ್ಚಿಬಿಡುವ ಉಪಾಯ ಹೇಳುವವರ ಮಾತು ಕೇಳಬೇಡಿ. ಉಳಿದ ಒಂದರ ಬಾಯಿ ಸಾಲುವುದಿಲ್ಲ, ಬ್ಯಾರೆಲ್ ಒಂದೇ ಮಗ್ಗುಲಲ್ಲಿ ಕಾದು ಸೊಟ್ಟಗಾಗುತ್ತದೆ. ಎರಡು ಪುಟ್ಟ ಎಕ್ಸ್‌ಪಾನ್ಷನ್ ಚೇಂಬರುಗಳೇ (ನಡುವೆ ಹೊಟ್ಟೆ ಉಬ್ಬಿದ ರೇಸಿನ ಪೈಪು) ಸರಿ.

ಉದ್ದದ ಲೆಕ್ಕ ಹೀಗೆ:

ಉದ್ದ (ಮಿ.ಮೀ.) = ಎಕ್ಸಾಸ್ಟ್ ಅವಧಿ (ಡಿಗ್ರಿ) × 43180 ÷ ಆರ್‌ಪಿಎಂ

172 ಡಿಗ್ರಿ, 6500ಕ್ಕೆ ಇದು 1143 ಮಿ.ಮೀ. ಪಿಸ್ಟನ್ ಮುಖದಿಂದ ಹಿಂದಿನ ಕೋನಿನ ನಡುಮಧ್ಯದವರೆಗೆ, ಬಾಗಿದ ಪೈಪಿನ ನಡುಗೆರೆಯ ಗುಂಟ ಅಳೆಯಬೇಕು. ಅದೇ 6000ಕ್ಕೆ ಮಾಡಿದರೆ 1238, ಅಂದರೆ ಹತ್ತಿರಹತ್ತಿರ 10 ಸೆಂ.ಮೀ. ಉದ್ದ. ಅದಕ್ಕೇ ಮುಂದಿನ ಪೈಪನ್ನು ಒಂದರೊಳಗೊಂದು ಜಾರುವಂತೆ ಮಾಡಿ, 40 ಮಿ.ಮೀ. ಆಚೀಚೆ ಸರಿಸಲು ಅವಕಾಶ ಬಿಟ್ಟು, ಸ್ಪ್ರಿಂಗಿನಿಂದ ಹಿಡಿಸಿ. ಟ್ರ್ಯಾಕಿನಲ್ಲಿ ನೋಡಿ ನಿಲ್ಲಿಸಿದ ಮೇಲೆ ಬೆಸೆಯಬಹುದು.

ಮುಂದಿನ ಪೈಪಿನ ಒಳವ್ಯಾಸ 36 ಇದ್ದರೆ ಹೊಟ್ಟೆಯ ವ್ಯಾಸ 85–90, ಕೊನೆಯ ಸಣ್ಣ ಕೊಳವೆ 21–22 ಮಿ.ಮೀ., ಅದರ ಉದ್ದ ಸುಮಾರು 260. ಅಗಲವಾಗುತ್ತಾ ಹೋಗುವ ಕೋನಿನ ಪೂರ್ಣ ಕೋನ 8 ಡಿಗ್ರಿ ಸುತ್ತ, ಕಿರಿದಾಗುವುದು 16–20. ಕೊನೆಯ ಕೊಳವೆ ಬಿಗಿಯಾದರೆ ಶಬ್ದ ಕಡಿಮೆಯಾಗುತ್ತದೆಂದು 18ಕ್ಕೆ ಇಳಿಸಬೇಡಿ. ಬಿಸಿ ಹೊರಹೋಗದೆ ಪಿಸ್ಟನ್ ನೆತ್ತಿ ತೂತಾಗುತ್ತದೆ. 20 ಗೇಜ್ ತಗಡು ಸಾಕು, ಎರಡೂ ಪೈಪ್ ಒಂದೇ ಉದ್ದವಿರಬೇಕು. ಎಡಕ್ಕೇ ತಿರುಗುವ ಡರ್ಟ್ ಟ್ರ್ಯಾಕಾದರೆ ಎಡಗಡೆಯದನ್ನು ಫುಟ್‌ರೆಸ್ಟ್‌ಗಿಂತ ಎತ್ತರದಲ್ಲಿ ಒಯ್ಯಿರಿ, ಕಾಲಿಗೆ ತಗಡಿನ ಮರೆ ಕೊಡಿ.

ಕಾರ್ಬುರೇಟರ್, ಪೆಟ್ರೋಲ್, ಕಿಡಿ

28 ಮಿ.ಮೀ. ಮಿಕುನಿ ಸಾಕು. 32 ಹಾಕಿದರೆ ಕಾಗದದ ಮೇಲೆ ಚೆಂದ, ತಿರುವಿನಿಂದ ಹೊರಬರುವಾಗ ಗಾಡಿ ಕೆಮ್ಮುತ್ತದೆ. ರಬ್ಬರಿನ ಮೂಲಕವೇ ಕೂರಿಸಿ, ಇಲ್ಲವಾದರೆ ನಡುಕಕ್ಕೆ ಫ್ಲೋಟ್ ಬೌಲಿನಲ್ಲಿ ಪೆಟ್ರೋಲ್ ನೊರೆಯಾಗುತ್ತದೆ. ಮಣ್ಣಿನ ಟ್ರ್ಯಾಕಿನಲ್ಲಿ ಎಣ್ಣೆ ಸವರಿದ ಫೋಮ್ ಫಿಲ್ಟರ್ ಕಡ್ಡಾಯ.

ಮುಖ್ಯ ಜೆಟ್ ಬೇಕೆಂದೇ ದೊಡ್ಡದರಿಂದ ಶುರುಮಾಡಿ ಇಳಿಯುತ್ತ ಬನ್ನಿ. ಹೊಸ ಪ್ಲಗ್ ಹಾಕಿ, ನಾಲ್ಕನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಹಿಡಿದು, ಹಾಗೇ ಕಿಲ್ ಸ್ವಿಚ್ ಒತ್ತಿ ಕ್ಲಚ್ ಹಿಡಿಯಿರಿ. ಪಿಂಗಾಣಿಯ ಬುಡದಲ್ಲಿ ಕಂದು ಉಂಗುರ ಕಂಡರೆ ಸರಿ, ಬೆಳ್ಳಗಿದ್ದರೆ ತೆಳು. ಇ20, ಅಂದರೆ 20% ಎಥನಾಲ್ ಬೆರೆತ ಪೆಟ್ರೋಲಿಗೆ ಜೆಟ್ 5–8% ದೊಡ್ಡದು ಬೇಕು. ಪೆಟ್ರೋಲ್ ಟ್ಯಾಪಿನ ಹಳೆಯ ಕಾರ್ಕು-ರಬ್ಬರುಗಳನ್ನು ಅದು ಹಾಳುಮಾಡುತ್ತದೆ. ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು 900 ಮೀಟರ್ ಮೇಲಿದೆ. ಇಲ್ಲಿ 160ರ ಜೆಟ್ ಸರಿಯಿದ್ದ ಗಾಡಿಯನ್ನು ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಒಯ್ದರೆ 167.5 ಅಥವಾ 170 ಬೇಕಾಗುತ್ತದೆ. ಮರೆತರೆ ಮೊದಲ ಅಭ್ಯಾಸದಲ್ಲೇ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಎಣ್ಣೆ ಲೀಟರಿಗೆ 40 ಮಿ.ಲೀ., ಒಳ್ಳೆಯ ರೇಸಿಂಗ್ ಟು-ಸ್ಟ್ರೋಕ್ ಎಣ್ಣೆ. ಭದ್ರತೆಗೆಂದು 60 ಹಾಕಿದರೆ ಅದೇ ಜೆಟ್ಟಿನಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆ. ಪ್ರಮಾಣ ಬದಲಿಸಿದಾಗಲೆಲ್ಲ ಜೆಟ್ ಮತ್ತೆ ನೋಡಲೇಬೇಕು.

ಡೈನಮೋ ತೆಗೆದುಹಾಕಿ ಚಿಕ್ಕ ರೋಟರ್ ಇರುವ ಸಿಡಿಐ (ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆ) ಹಾಕುವುದು ಉತ್ತಮ, ತೂಕವೂ ಇಳಿಯುತ್ತದೆ. ಪಾಯಿಂಟ್ ಉಳಿಸಿಕೊಂಡರೆ ಅಂತರ 0.4 ಮಿ.ಮೀ. ಟೈಮಿಂಗನ್ನು ಡಯಲ್ ಗೇಜಿನಲ್ಲಿ ಹಿಡಿಯಿರಿ: 20 ಡಿಗ್ರಿ ಅಂದರೆ ಮೇಲ್ತುದಿಗೆ 2.9 ಮಿ.ಮೀ. ಮುಂಚೆ, 18 ಅಂದರೆ 2.3. ಪೈಪ್ ಮತ್ತು ಕಂಪ್ರೆಷನ್ ಏರಿಸಿದ ಮೇಲೆ 18ರಿಂದ ಶುರುಮಾಡಿ. ಪ್ಲಗ್ ಎರಡು ಹೆಜ್ಜೆ ತಣ್ಣನೆಯದಿರಲಿ. ಎನ್‌ಜಿಕೆಯಲ್ಲಿ ಸಂಖ್ಯೆ ಹೆಚ್ಚಿದಷ್ಟೂ ತಣ್ಣಗೆ. ಪ್ಲಗ್ಗಿನ ಥ್ರೆಡ್ಡಿನ ಉದ್ದ ಮೂಲದಷ್ಟೇ ಇರಬೇಕು.

ಕ್ಲಚ್, ಗೇರ್, ಚಾಸಿ

ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುವ ವ್ಯವಸ್ಥೆ ಊರೊಳಗೆ ಸುಖ, ಟ್ರ್ಯಾಕಿನಲ್ಲಿ ಪೀಡೆ. ಬೂಟಿನ ಭಾರ ಲಿವರಿನ ಮೇಲೆ ಬಿದ್ದರೆ ಕ್ಲಚ್ ಅರ್ಧ ಜಾರಿ ಪ್ಲೇಟುಗಳು ಸುಡುತ್ತವೆ. ಆ ಜೋಡಣೆಯನ್ನು ತೆಗೆಸಿ, ಅಥವಾ ಸಾಕಷ್ಟು ಆಟ ಬಿಡಿ. ಸ್ಪ್ರಿಂಗುಗಳ ಕೆಳಗೆ 1 ಮಿ.ಮೀ. ವಾಷರ್ ಕೊಡಿ. ಕ್ಲಚ್ ಮುಳುಗಿರುವುದು ಗೇರ್ ಆಯಿಲ್‌ನಲ್ಲೇ ಆದ್ದರಿಂದ ಕಾರಿನ ನುಣುಪು ಎಣ್ಣೆ ಹಾಕಬೇಡಿ.

ಸ್ಪ್ರಾಕೆಟ್ ಲೆಕ್ಕಕ್ಕೆ ಟ್ರ್ಯಾಕಿನ ನೇರ ದಾರಿಯಲ್ಲಿ ಸಿಗುವ ವೇಗ ಬೇಕು. 95 ಕಿ.ಮೀ. ಅಂದುಕೊಳ್ಳಿ. ಟೈರಿನ ಸುತ್ತಳತೆ 2 ಮೀಟರ್ ಆದರೆ ಚಕ್ರ ನಿಮಿಷಕ್ಕೆ 792 ಸುತ್ತು. 6500ನ್ನು 792ರಿಂದ ಭಾಗಿಸಿದರೆ 8.2, ನಾಲ್ಕನೇ ಗೇರಿನಲ್ಲಿ ಬೇಕಾದ ಒಟ್ಟು ಅನುಪಾತ ಅದೇ.

ದೀಪ, ಹಾರ್ನ್, ಬ್ಯಾಟರಿ, ಸ್ಟ್ಯಾಂಡು, ಚೈನ್ ಮುಚ್ಚುವ ಪೆಟ್ಟಿಗೆ, ತಗಡಿನ ಮಡ್‌ಗಾರ್ಡ್ ಎಲ್ಲ ಕಳಚಿ. ಹ್ಯಾಂಡಲ್ ಕೋನಿನ ಗುಂಡುಗಳನ್ನೂ ಸ್ವಿಂಗ್ ಆರ್ಮ್ ಬುಷ್‌ಗಳನ್ನೂ ಹೊಸದು ಹಾಕಿ. ಬ್ರೇಕ್ ಶೂಗಳಿಗೆ ಹೊಸ ಲೈನಿಂಗ್ ಹೊಡೆಸಿ, ಡ್ರಮ್ಮಿನ ಅಳತೆಗೆ ಲೇತಿನಲ್ಲಿ ತಿರುವಿಸಿ. ಡ್ರಮ್ ಬ್ರೇಕ್ ಹಿಡಿಯುವುದಿಲ್ಲ ಎಂಬ ದೂರಿನ ಅರ್ಧ ಅಲ್ಲಿಗೇ ಮುಗಿಯುತ್ತದೆ. ಡ್ರೈನ್ ಬೋಲ್ಟ್, ಆಕ್ಸಲ್ ನಟ್‌ಗಳಿಗೆ ಲಾಕ್ ವಯರ್, ಮಣಿಕಟ್ಟಿಗೆ ಕಟ್ಟುವ ಕಿಲ್ ಸ್ವಿಚ್, ತಾನೇ ಮುಚ್ಚಿಕೊಳ್ಳುವ ಆಕ್ಸಿಲರೇಟರ್, ತುದಿಯಲ್ಲಿ ಗುಂಡು ಇರುವ ಲಿವರುಗಳು ಇಲ್ಲದಿದ್ದರೆ ತಪಾಸಣೆಯಲ್ಲೇ ವಾಪಸ್ ಕಳಿಸುತ್ತಾರೆ.

ಹಿಡಿದುಕೊಂಡ ಪಿಸ್ಟನ್ ಏನು ಹೇಳುತ್ತದೆ

ಎಂಜಿನ್ನನ್ನು ಮೂರು ಸಲ ಬಿಸಿಮಾಡಿ ಪೂರ್ತಿ ಆರಲು ಬಿಟ್ಟು, ಹೆಡ್ ನಟ್ ಮತ್ತೆ ಬಿಗಿದು, ಆಮೇಲೆ ಅರ್ಧ ಆಕ್ಸಿಲರೇಟರಿನಲ್ಲಿ ಒಂದಷ್ಟು ಓಡಿಸಿ. ಇಷ್ಟಾದರೂ ಹಿಡಿದುಕೊಂಡರೆ ಹೊಸ ಪಿಸ್ಟನ್ ತರುವ ಮುನ್ನ ಹಳೆಯದನ್ನು ಬೆಳಕಿಗೆ ಹಿಡಿಯಿರಿ. ಗೀರು ನಾಲ್ಕು ಮೂಲೆಯಲ್ಲಿದ್ದರೆ ಸಡಿಲ ಸಾಲದು, ಇಲ್ಲವೇ ತಣ್ಣನೆಯ ಎಂಜಿನ್ನನ್ನು ಒಮ್ಮೆಲೇ ಎಳೆದಿದ್ದಾರೆ. ಎಕ್ಸಾಸ್ಟ್ ಕಡೆ ಮಾತ್ರ ಇದ್ದರೆ ಮಿಶ್ರಣ ತೆಳು: ಜೆಟ್ಟಿಗಿಂತ ಮೊದಲು ಬಲ ಸೀಲ್ ನೋಡಿ. ಹಿಂದೆ, ಇನ್‌ಟೇಕ್ ಕಡೆ ಇದ್ದರೆ ಎಣ್ಣೆ ಸಾಲದು, ಅಥವಾ ಫಿಲ್ಟರ್ ದಾಟಿ ಮಣ್ಣು ಒಳಹೊಕ್ಕಿದೆ. ನೆತ್ತಿಯ ಅಂಚು ಇಲಿ ಕಡಿದಂತೆ ತಿಂದುಹೋಗಿದ್ದರೆ ಕುಟ್ಟುವಿಕೆ, ಟೈಮಿಂಗ್ ಇಳಿಸಿ. ನಟ್ಟನಡುವೆ ತೂತು ಬಿದ್ದಿದ್ದರೆ ಪ್ಲಗ್ ಬಿಸಿಯದು, ಇಲ್ಲವೇ ಪೈಪಿನ ಕೊನೆಯ ಕೊಳವೆ ಕಿರಿದು.

ರೇಸ್ ಮುಗಿದ ಸಂಜೆಯೇ ಟ್ಯಾಂಕೂ ಫ್ಲೋಟ್ ಬೌಲೂ ಖಾಲಿಮಾಡಿ. ಎಥನಾಲ್ ಹೀರಿದ ನೀರು ಎಣ್ಣೆ ಬೆರೆತ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ಕೂರುತ್ತದೆ, ಮುಂದಿನ ಸಲ ಮೊದಲು ಜೆಟ್ಟಿಗೆ ಹೋಗುವುದು ಅದೇ. ಗೇರ್ ಆಯಿಲನ್ನು ಬಿಸಿಯಿರುವಾಗಲೇ ಬಿಳಿ ಡಬ್ಬಿಗೆ ಇಳಿಸಿ ಅಳೆಯಿರಿ. ಹಾಕಿದ್ದಕ್ಕಿಂತ ಕಡಿಮೆ ಬಂದು, ಕೆಳಗೆ ಸೋರಿದ ಗುರುತಿಲ್ಲದಿದ್ದರೆ ಎಡ ಸೀಲನ್ನು ಮುಂದಿನ ರೇಸಿಗೆ ಮುಂಚೆ ಬದಲಿಸಿ.